ಕೌದಿ ಅಂಚಿನ ಸ್ವೆಟರ್

ತೊಂಬತ್ತರ ದಶಕದಲ್ಲಿ ಬೈಲಹೊಂಗಲದ ನಮ್ಮ ಓಣಿಗೆ ಹೊಸ ಅಳಿಯಂದಿರು ದೀಪಾವಳಿಗೆ ಬಂದರೆ ಮೈಮೇಲೆ ಒಂದು ಕೈಹೆಣಿಗೆಯ ಸ್ವೆಟರ್ ಇರಲೇಬೇಕು. ಅದನ್ನು ಹೆಂಡತಿಯೇ ಹೆಣೆದು ಕೊಟ್ಟಳು ಎಂದು ಬೀಗರು ಬೀಗರಿಗೆ ಹೇಳಿಕೊಳ್ಳುತ್ತಿದ್ದರು. ಎಲ್ಲಾ ಸುಳ್ಳು. ಆ ಹುಡುಗಿಯರಲ್ಲಿ ಅರ್ಧ ಜನಕ್ಕೆ ಹರಿದ ಪರಕಾರಕ್ಕೆ ಹೊಲಿಗೆ ಹಾಕಲೂ ಬರುತ್ತಿರಲಿಲ್ಲ. ಅಷ್ಟೂ ಸ್ವೆಟರ್ ಹೆಣೆದವಳು ನನ್ನ ನೆಗೆಣ್ಣಿ, ನನ್ನ ಗಂಡನ ಅಣ್ಣನ ಹೆಂಡತಿ ರಾಚವ್ವ. ನಾನು ಕರೆಯುವುದು ರಾಚಕ್ಕ ಎಂದು. ಅವರಿವರ ಸುಳ್ಳು ಎತ್ತಿ ಆಡಲು ನನಗೆ ಬಾಯಿಲ್ಲ, ಯಾಕೆಂದರೆ ಈ ಕಥೆಯಲ್ಲಿ ಎಲ್ಲರಿಗಿಂತ ದೊಡ್ಡ ಸುಳ್ಳು ಹೇಳಿದವಳು ನಾನೇ.

ನಾನು ರಾಮದುರ್ಗದಿಂದ ಆ ಮನೆಗೆ ಸೊಸೆಯಾಗಿ ಬಂದದ್ದು ೧೯೯೩ರಲ್ಲಿ. ರಾಚಕ್ಕ ನನಗಿಂತ ಆರು ವರ್ಷ ಮೊದಲು ಕಿತ್ತೂರಿನಿಂದ ಬಂದಿದ್ದಳು. ಮಾವ ನಿಜಗುಣಪ್ಪನವರದು ಪೇಟೆಯಲ್ಲಿ ಹತ್ತಿ ದಲಾಲಿ ಅಂಗಡಿ. ಹಣೆತುಂಬ ವಿಭೂತಿ, ಬಾಯಲ್ಲಿ ವಚನ. ಆದರೆ ಮನೆಯ ಹೆಂಗಸರ ವಿಷಯಕ್ಕೆ ಅವರ ಕಾಯಿದೆಯೇ ಬೇರೆ. ಸೊಸೆಯಂದಿರು ಪೇಟೆಗೆ ಹೋಗಬಾರದು, ಕಟ್ಟೆಗೆ ಕೂರಬಾರದು, ಟಾಕೀಸಿನ ಹೆಸರಂತೂ ಎತ್ತಬಾರದು. ಅತ್ತೆ ಸೀತವ್ವ ಆ ಕಾಯಿದೆಯ ಪೊಲೀಸು. ಒಂದೇ ಒಂದು ಕಿಂಡಿ ಬಿಟ್ಟಿದ್ದರು. ತವರಿನವರು ಕರೆಯಲು ಬಂದರೆ ಹೋಗಬಹುದು. ತವರಿನಲ್ಲಿ ಸೊಸೆ ಏನು ನೋಡಿದಳು, ಎಲ್ಲಿ ತಿರುಗಿದಳು ಎಂದು ಯಾರೂ ಕೇಳುತ್ತಿರಲಿಲ್ಲ. "ಅದು ಅವರಪ್ಪನ ಜವಾಬ್ದಾರಿ" ಎಂದು ಮಾವ ಕೈ ತೊಳೆದುಕೊಳ್ಳುತ್ತಿದ್ದರು.

ನನಗೆ ಆ ಕಿಂಡಿ ಸಾಕಿತ್ತು. ಪ್ರತಿ ವರ್ಷ ನಾಗರಪಂಚಮಿಗೆ ನನ್ನ ಅಣ್ಣ ಬಸವಲಿಂಗ ಬಂದು ಬಾಗಿಲಲ್ಲಿ ನಿಂತು "ಮಧೂನ್ನ ಕಳಸ್ರಿ" ಎನ್ನುತ್ತಿದ್ದ. ನಾನು ಚೀಲ ಎತ್ತಿಕೊಂಡು ಹೊರಡುತ್ತಿದ್ದೆ. ರಾಚಕ್ಕನಿಗೆ ಆ ಕಿಂಡಿಯೂ ಇರಲಿಲ್ಲ. ತಾಯಿ ಚಿಕ್ಕಂದಿನಲ್ಲೇ ತೀರಿದ್ದಳು, ಅಣ್ಣತಮ್ಮಂದಿರಿಲ್ಲ, ಮದುವೆಯಾದ ಎರಡನೇ ವರ್ಷ ತಂದೆಯೂ ಹೋದ. ಕರೆಯಲು ಬರುವವರೇ ಇಲ್ಲದ ಮೇಲೆ ಅವಳು ಯಾವ ನೆವ ಹೇಳಿ ಹೊಸ್ತಿಲು ದಾಟಬೇಕು? ನಾನು ಬಂದಾಗ ಅವಳು ಬಸ್ಸು ಹತ್ತಿ ನಾಲ್ಕು ವರ್ಷವಾಗಿತ್ತು.

ಹೆಣಿಗೆಯನ್ನು ಅವಳು ಕಿತ್ತೂರಿನ ಸಾಲೆಯಲ್ಲಿ ಒಬ್ಬ ಟೀಚರಮ್ಮನಿಂದ ಕಲಿತಿದ್ದಳು. ಸೈಕಲ್ಲಿನ ಕಡ್ಡಿ ಮಸೆದು ಮಾಡಿಕೊಂಡ ನಾಲ್ಕು ಸೂಜಿ ಅವಳ ಜೊತೆ ಮದುವೆಗೆ ಬಂದಿದ್ದವು. ಅತ್ತೆಗೂ ಅದು ಒಪ್ಪಿಗೆಯಾಗಿತ್ತು. "ಕೈಗೆ ಕೆಲಸಾ ಇದ್ರ ಕಾಲ ಮನಿಯಾಗ ಇರತಾವ" ಎನ್ನುವುದು ಸೀತವ್ವನ ಸಿದ್ಧಾಂತ. ಓಣಿಯವರು ಉಲ್ಲನ್ ತಂದುಕೊಟ್ಟು ಸ್ವೆಟರ್ ಹೇಳಿ ಹೋಗುತ್ತಿದ್ದರು, ಅತ್ತೆ ಅದರಿಂದ ಓಣಿಯಲ್ಲಿ ದೊಡ್ಡವಳಾಗುತ್ತಿದ್ದಳು.

ಆದರೆ ನಮೂನೆ ಎಲ್ಲಿಂದ ತರುವುದು? ಪುಸ್ತಕ ತರಿಸುವ ಮಾತಿಲ್ಲ. ರಾಚಕ್ಕ ನಮೂನೆ ಕದಿಯುತ್ತಿದ್ದದ್ದು ಟಿವಿಯಿಂದ. ಪಡಸಾಲೆಯಲ್ಲಿ ಒಂದು ಕಪ್ಪು-ಬಿಳುಪು ಟಿವಿ ಇತ್ತು. ಭಾನುವಾರ ಸಂಜೆ ಸಿನಿಮಾ ಬಂದರೆ ಗಂಡಸರು ಕುರ್ಚಿಯಲ್ಲಿ, ಅತ್ತೆ ಚಾಪೆಯ ಮೇಲೆ, ನಾವಿಬ್ಬರು ಅಡಿಗೆಮನೆಯ ಹೊಸ್ತಿಲಲ್ಲಿ. ರಾಚಕ್ಕನ ತೊಡೆಯ ಮೇಲೆ ಯಾವಾಗಲೂ ಒಂದು ಮೊರ, ಅದರಲ್ಲಿ ಬಿಳಿಜೋಳ, ಒಂದಷ್ಟು ಹುರುಳಿ. ಕಾಳು ಹಸನು ಮಾಡುತ್ತಿದ್ದಾಳೆ ಎಂದೇ ಮೊದಲು ನಾನೂ ತಿಳಿದಿದ್ದೆ. ನಾಯಕ ಯಾವುದೋ ಚಳಿಯ ಊರಿನಲ್ಲಿ ಸ್ವೆಟರ್ ಹಾಕಿಕೊಂಡು ಹಾಡಲು ಶುರು ಮಾಡಿದ ಕೂಡಲೇ ಅವಳ ಬೆರಳು ಓಡುತ್ತಿತ್ತು. ಬಿಳಿ ಕುಣಿಕೆಗೆ ಜೋಳ, ಕಪ್ಪು ಕುಣಿಕೆಗೆ ಹುರುಳಿ. ಹಾಡು ಮುಗಿಯುವಷ್ಟರಲ್ಲಿ ಮೊರದ ಮೇಲೆ ಅವನ ಎದೆಯ ಹೂವು, ಗೆರೆ, ಕೊರಳಪಟ್ಟಿ ಎಲ್ಲಾ ಸಾಲಾಗಿ ಕೂತಿರುತ್ತಿದ್ದವು. ಆಮೇಲೆ ಅವಳು ಮೊರವನ್ನು ಅಲುಗಾಡಿಸದೆ ದೇವರ ತಟ್ಟೆಯ ಹಾಗೆ ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು. ಸ್ವೆಟರ್ ಮುಗಿಯುವವರೆಗೆ ಆ ಮೊರ ಅಟ್ಟದ ಮೇಲೆ. ಒಮ್ಮೆ ಬೆಕ್ಕು ಹಾರಿ ಮೊರ ಚೆಲ್ಲಿತು. ಆವತ್ತು ಅವಳು ಊಟ ಮಾಡಲಿಲ್ಲ.

ನಾಯಕರು ಬೆನ್ನು ತೋರಿಸುವುದು ಕಡಿಮೆ, ತೋರಿಸಿದರೂ ನಾಯಕಿಯ ಕೈ ಅಡ್ಡ ಬರುತ್ತಿತ್ತು. ಹಾಗಾಗಿ ರಾಚಕ್ಕನ ಸ್ವೆಟರಿನ ಬೆನ್ನು ಬೋಳು. ಬಣ್ಣವೂ ಕಾಣುತ್ತಿರಲಿಲ್ಲವಲ್ಲ, ಬೂದಿ, ಕಪ್ಪು, ಬಿಳಿ ಇಷ್ಟರಲ್ಲೇ ಎಲ್ಲಾ. ಓಣಿಯವರು ಅದನ್ನೇ ಫ್ಯಾಷನ್ ಎಂದರು.

೧೯೯೬ರ ಬೇಸಿಗೆ ಮುಗಿಯುವ ಹೊತ್ತಿಗೆ ನಮ್ಮೂರ ಟಾಕೀಸಿಗೆ ಒಂದು ಹಿಂದಿ ಪಿಕ್ಚರ್ ಬಂತು. ಟಾಕೀಸು ನಮ್ಮ ಮನೆಯಿಂದ ನಾಲ್ಕು ಓಣಿ ಆಚೆ. ನಮ್ಮ ಹಿತ್ತಲಿನಲ್ಲಿ ನಿಂತರೆ ಒಳಗಿನ ಹಾಡು ಸ್ಪಷ್ಟವಾಗಿ ಕೇಳುತ್ತಿತ್ತು. ಆ ಪಿಕ್ಚರಿನಲ್ಲಿ ಇಂಟರ್ವಲ್ ಆದ ತಕ್ಷಣ ಒಂದು ಹಾಡು. ಅದರಲ್ಲಿ ನಾಯಕ ಹಾಕಿಕೊಂಡ ಸ್ವೆಟರ್ ಊರಿನ ಹುಡುಗರ ತಲೆ ಕೆಡಿಸಿತ್ತು. ಪಕ್ಕದ ಮನೆಯ ಸತ್ಯವ್ವ ಉಲ್ಲನ್ ಚೀಲ ಹಿಡಿದು ಬಂದೇಬಿಟ್ಟಳು. ಅವಳ ಅಳಿಯ ಸವದತ್ತಿಯಲ್ಲಿ ಮಾಸ್ತರ. ದೀಪಾವಳಿಗೆ ಅವನಿಗೆ ಅದೇ ಸ್ವೆಟರ್ ಬೇಕಂತೆ.

"ಬಣ್ಣ ಯಾವುದರಿ ಸತ್ಯವ್ವಾರ?" ರಾಚಕ್ಕ ಕೇಳಿದಳು.

"ಯಾವುದೋ ಏನೋ ನಮ್ಮವ್ವಾ. ಎಲ್ಲಾ ಬಣ್ಣದ ಉಲ್ಲನ್ ತಂದೇನಿ. ಭಾಳ ಛಂದ ಐತೆಂತ ಹೇಳ್ಯಾನ, ಅಷ್ಟ ಗೊತ್ತು."

ರಾಚಕ್ಕ ತನ್ನ ಗಂಡ ಅಂದಾನೆಪ್ಪ ಭಾವನನ್ನು ಪಿಕ್ಚರಿಗೆ ಕಳಿಸಿದಳು. ಮೂರು ತಾಸು ನೋಡಿ ಬಂದು ಆ ಪುಣ್ಯಾತ್ಮ ಹೇಳಿದ್ದು ಇಷ್ಟು: "ಸ್ವೆಟರ್ ಇತ್ತು. ದಪ್ಪ ಇತ್ತು." ನಾನು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ. ರಾಚಕ್ಕ ನಗಲಿಲ್ಲ. ಆವತ್ತೇ ಮೊದಲ ಸಲ ಅವಳು ಬಾಯಿಬಿಟ್ಟು ಕೇಳಿದ್ದು, "ನಾನ ಒಂದ ಸಲ ಹೋಗಿ ನೋಡಿ ಬರ್ಲೇನ್ರಿ?" ಎಂದು. ಭಾವ ಅವ್ವನನ್ನು ಕೇಳು ಎಂದ. ಅತ್ತೆ ಮಾವನನ್ನು ಕೇಳು ಎಂದಳು. ಮಾವ ಪೇಪರಿನಿಂದ ತಲೆ ಎತ್ತದೆ ಹೇಳಿದರು, "ಈ ಮನಿ ಹೆಣ್ಣಮಕ್ಕಳು ಟಾಕೀಸಿನ ಮೆಟ್ಟಲಾ ಹತ್ತಿಲ್ಲ."

ಮಾತು ಮುಗಿಯಿತು. ಆ ಪಿಕ್ಚರ್ ನಮ್ಮೂರಲ್ಲಿ ಐದು ವಾರ ಓಡಿತು. ಮಧ್ಯಾಹ್ನದ ಆಟದಲ್ಲಿ ಆ ಹಾಡು ಬರುವ ಹೊತ್ತಿಗೆ ರಾಚಕ್ಕ ಅರಿವೆ ತೆಗೆಯುವ ನೆವ ಮಾಡಿ ಹಿತ್ತಲಿಗೆ ಬರುತ್ತಿದ್ದಳು. ಒಣಗಿದ ಅರಿವೆ ಎದೆಗೆ ಅವಚಿಕೊಂಡು ಗೋಡೆಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದಳು. ಹಾಡಿನ ಒಂದೊಂದು ಸಾಲೂ ಅವಳಿಗೆ ಬಾಯಿಪಾಠವಾಗಿತ್ತು. ನಾಲ್ಕು ಓಣಿ. ಅಷ್ಟೇ ದೂರ.

ಆಗಸ್ಟಿನಲ್ಲಿ ಪಿಕ್ಚರಿನ ಡಬ್ಬಿ ರಾಮದುರ್ಗಕ್ಕೆ ಹೋಯಿತು. ಅದರ ಹಿಂದೆಯೇ ಪಂಚಮಿ, ಅಣ್ಣ ಬಂದ. ರಾಚಕ್ಕ ನನ್ನನ್ನು ಅಡಿಗೆಮನೆಯ ಮೂಲೆಗೆ ಎಳೆದೊಯ್ದು ಕೈ ಹಿಡಿದುಕೊಂಡಳು.

"ಮಧು, ನೀ ನನ್ನ ಕಣ್ಣಾಗಿ ನೋಡಿ ಬರಬೇಕ ನೋಡು. ಎದಿ ಮ್ಯಾಲ ಏನೈತಿ, ಒಂದ ಸಾಲಿನಾಗ ಎಷ್ಟ ಅದಾವ, ಬಣ್ಣ ಯಾವುವು. ಬೆನ್ನ ಕಂಡ್ರ ಬೆನ್ನೂ ನೋಡು."

"ನೀವೇನ ಕಾಳಜಿ ಮಾಡಬ್ಯಾಡ್ರಿ ಅಕ್ಕಾ" ಎಂದೆ. ಮಾತು ಕೊಡುವುದರಲ್ಲಿ ನಾನು ಎಂದೂ ಹಿಂದೆ ಬಿದ್ದವಳಲ್ಲ.

ರಾಮದುರ್ಗದಲ್ಲಿ ಅಕ್ಕತಂಗಿಯರೆಲ್ಲ ಕೂಡಿದ್ದೆವು. ಶೇಂಗಾ ಉಂಡಿ, ಜೋಕಾಲಿ, ಹರಟೆ. ಮೂರನೇ ದಿನ ಪಿಕ್ಚರಿಗೆ ಹೋದೆವು. ಇಂಟರ್ವಲ್ಲಿನಲ್ಲಿ ಹೊರಗೆ ಬಿಸಿ ಮಿರ್ಚಿ ಬಜಿ ಕರಿಯುತ್ತಿದ್ದರು. ಜನ ಜಾಸ್ತಿ, ಬಜಿ ಕೈಗೆ ಬರುವಷ್ಟರಲ್ಲಿ ಒಳಗೆ ಹಾಡು ಶುರುವಾಗಿತ್ತು. ಬಾಯಿ ಸುಟ್ಟುಕೊಂಡು ಓಡಿಬಂದು ಕೂತಾಗ ನಾಯಕ ಮಂಜಿನೊಳಗೆ ಬೆನ್ನು ತಿರುಗಿಸಿಕೊಂಡು ಹೋಗುತ್ತಿದ್ದ. ಮಂಜು, ಮಂಜಿನಲ್ಲಿ ಒಂದು ಬೆನ್ನು. ಅಷ್ಟು ಕಂಡಿತು.

ಮರುದಿನ ಇನ್ನೊಮ್ಮೆ ಹೋಗಬಹುದಿತ್ತು. ಅಣ್ಣ ಬೇಡ ಅನ್ನುತ್ತಿರಲಿಲ್ಲ. ಆದರೆ ಮರುದಿನ ಗೆಳತಿಯರು ಬಂದರು, ಜೋಕಾಲಿ ಬಿಟ್ಟು ಏಳಲು ಮನಸ್ಸಾಗಲಿಲ್ಲ. ಇವತ್ತಿಗೂ ಮಿರ್ಚಿ ಬಜಿ ಕಂಡರೆ ನನಗೆ ಆ ಸೋಮಾರಿತನ ನೆನಪಾಗಿ ನಾಚಿಕೆಯಾಗುತ್ತದೆ.

ಬೈಲಹೊಂಗಲಕ್ಕೆ ಮರಳಿದ ದಿನ ರಾಚಕ್ಕ ಮೊರ, ಜೋಳ, ಹುರುಳಿ, ಕಡಲೆಬೇಳೆ, ಹೆಸರು ಎಲ್ಲಾ ತಯಾರಿಟ್ಟುಕೊಂಡು ಕಾಯುತ್ತಿದ್ದಳು. ಈ ಸಲ ಬಣ್ಣದ ಪಿಕ್ಚರ್, ಹಾಗಾಗಿ ನಾಲ್ಕು ತರದ ಕಾಳು. ಅವಳ ಮುಖ ನೋಡಿ ನಾನು ನಿಜ ಹೇಳಬೇಕಿತ್ತು. ಹೇಳಲಿಲ್ಲ. ಜೋಕಾಲಿಯ ಮಣೆಯ ಮೇಲೆ ಹಾಸಿದ್ದ ನಮ್ಮವ್ವನ ಕೌದಿ ಕಣ್ಣಮುಂದೆ ಬಂತು. ಹಳೆ ಸೀರೆಯ ತುಂಡು ಕೂಡಿಸಿ ಅವ್ವ ಹೊಲಿದದ್ದು, ಅಂಚಿಗೆ ಮೂರುಮೂಲೆಯ ಚೂರುಗಳು.

"ಎದಿ ಮ್ಯಾಲ ಮೂರುಮೂಲಿ ತುಂಡ ಅಕ್ಕಾ. ಒಂದ ಕೆಂಪು, ಒಂದ ಅರಿಷಿಣಾ. ನಡುವ ಹಸರ ಗೆರಿ."

ರಾಚಕ್ಕ ಕಾಳು ಇಡುತ್ತಿದ್ದವಳು ಒಂದು ಕ್ಷಣ ತಡೆದಳು. "ಮೂರುಮೂಲಿ?" ಎಂದಳು.

"ಹೂಂ. ಮೂಲಿಗೆ ಬಂದಲ್ಲಿ ಒಂದ ತಲಿಕೆಳಗ ಐತಿ."

ಅವಳು ನನ್ನ ಮುಖ ನೋಡಿದಳು. ನಾನು ಹೆಸರುಕಾಳು ನೋಡಿದೆ. ಆಮೇಲೆ ಅವಳು ಮತ್ತೆ ಕಾಳು ಇಡತೊಡಗಿದಳು. ಸಾಲಿಗೆ ಎಷ್ಟು, ತೋಳಿನ ಮೇಲೂ ಬಂದಿದೆಯೇ, ಕೆಂಪು ಯಾವ ಕೆಂಪು, ಕುಂಕುಮದ್ದೋ ಇಟ್ಟಂಗಿಯದ್ದೋ ಎಂದು ಒಂದೊಂದಾಗಿ ಕೇಳಿದಳು. ನಾನು ಒಂದೊಂದಕ್ಕೂ ಉತ್ತರ ಕೊಟ್ಟೆ.

ಇಪ್ಪತ್ತು ದಿನ ಹೆಣೆದಳು. ಅಷ್ಟು ಗೆಲುವಾಗಿ ಅವಳು ಹೆಣೆದದ್ದನ್ನು ನಾನು ಮೊದಲು ನೋಡಿರಲಿಲ್ಲ. ಸೀದಾ ಎರಡು, ಉಲ್ಟಾ ಎರಡು ಎಂದು ಬಾಯಲ್ಲೇ ಎಣಿಸುತ್ತ, ನಡುನಡುವೆ ನನ್ನ ತವರಿನ ಸುದ್ದಿ ಕೇಳುತ್ತ, ಸೂಜಿ ಓಡಿಸುತ್ತಿದ್ದಳು. ಬೆನ್ನನ್ನೂ ಬೋಳು ಬಿಡಲಿಲ್ಲ, ಅಲ್ಲಿಯೂ ಅಂಚು ತಂದಳು. ಸ್ವೆಟರ್ ಚೆಂದವಾಗಿತ್ತು, ಅದನ್ನು ಯಾರೂ ಅಲ್ಲಗಳೆಯಲಾರರು.

ದೀಪಾವಳಿಗೆ ಮಾಸ್ತರ ಅದನ್ನು ಹಾಕಿಕೊಂಡು ಪೇಟೆಗೆ ಹೋದ. ಪಿಕ್ಚರ್ ನೋಡಿದ ಹುಡುಗರು ಅವನನ್ನು ನಿಲ್ಲಿಸಿ, "ಮಾಸ್ತರ, ಇದ್ಯಾವ ಪಿಕ್ಚರ್ರಿ? ಕೌದಿ ಹೊದ್ದಕೊಂಡ ಬಂದೀರೇನ?" ಎಂದು ನಕ್ಕರಂತೆ. ಸಂಜೆ ಸತ್ಯವ್ವ ಸ್ವೆಟರನ್ನು ತಂದು ನಮ್ಮ ಪಡಸಾಲೆಯಲ್ಲಿ ಎಸೆದಳು. "ಹಬ್ಬದ ದಿನ ಅಳಿಯನ ಮಾನಾ ಕಳದ್ರಿ. ಬರದಿದ್ರ ಬರೂದಿಲ್ಲ ಅನ್ನಬೇಕಿತ್ತು" ಎಂದು ಅತ್ತೆಗೆ ಅಂದು ಹೋದಳು.

ಸೀತವ್ವನ ಮುಖ ಕಪ್ಪಾಯಿತು. ಮಾವ ಒಳಗಿನಿಂದ, "ಆ ಕಡ್ಡಿ ತಗದ ಇಡ್ರಿ. ಸಾಕು ಈ ಪಿಕ್ಚರಿನ ಹುಚ್ಚ" ಎಂದರು. ಅತ್ತೆ ನಾಲ್ಕೂ ಸೂಜಿ ತೆಗೆದುಕೊಂಡು ತನ್ನ ಟ್ರಂಕಿನಲ್ಲಿಟ್ಟು ಕೀಲಿ ಹಾಕಿದಳು.

"ತಪ್ಪ ನಂದರಿ ಅತ್ತಿ. ಮಧು ಸರಿಯಾಗೇ ಹೇಳಿದ್ಲು, ನಾನ ತಪ್ಪ ತಿಳಕೊಂಡೆ" ಎಂದಳು ರಾಚಕ್ಕ.

ನಾನು ಅಲ್ಲೇ ಕಂಬದ ಹತ್ತಿರ ನಿಂತಿದ್ದೆ. ಇಡೀ ಓಣಿಗೆ ಕೇಳುವಂತೆ ಮಾತಾಡುವ ನನ್ನ ನಾಲಿಗೆ ಆ ಹೊತ್ತಿಗೆ ಎಲ್ಲಿ ಹೋಗಿತ್ತೋ. ಸ್ವೆಟರನ್ನು ರಾಚಕ್ಕ ಮಡಚಿ ತನ್ನ ಸೀರೆಗಳ ಕೆಳಗೆ ಇಟ್ಟುಕೊಂಡಳು.

ಅಲ್ಲಿಂದ ಎರಡು ವರ್ಷ ಅವಳ ಕೈ ಖಾಲಿ. ಭಾನುವಾರ ಹೊಸ್ತಿಲಲ್ಲಿ ಕೂತು ಈಗ ಖರೇನೇ ಕಾಳು ಹಸನು ಮಾಡುತ್ತಿದ್ದಳು. ಟಿವಿಯಲ್ಲಿ ಸ್ವೆಟರ್ ಬಂದರೆ ಬೆರಳು ಮೊರದ ಮೇಲೆ ತಾನಾಗಿಯೇ ಒಂದೆರಡು ಸಾಲು ಕಟ್ಟುತ್ತಿತ್ತು, ಆಮೇಲೆ ಅವಳೇ ಅಳಿಸಿಬಿಡುತ್ತಿದ್ದಳು. ನಾನು ಬಸಿರಾದಾಗ ಅತ್ತೆ ಟ್ರಂಕು ತೆರೆದಳು. "ಕೂಸಿಗೊಂದ ಕುಲಾವಿ ಹೆಣಿ. ಪಿಕ್ಚರಿಂದು ಬ್ಯಾಡ, ಸಾದಾ" ಎಂದಳು. ನನ್ನ ಮಗನ ತಲೆಗೆ ಕುಲಾವಿ ಬಂತು, ಸೂಜಿ ತಿರುಗಿ ಟ್ರಂಕಿಗೆ ಹೋದವು.

೨೦೦೦ದಲ್ಲಿ ಮಾವ ತೀರಿಕೊಂಡರು. ಇನ್ನಾದರೂ ರಾಚಕ್ಕ ಟಾಕೀಸಿಗೆ ಹೋಗಬಹುದು ಎಂದುಕೊಂಡೆ. ಅದೇ ವರ್ಷ ಅತ್ತೆಗೆ ಲಕ್ವಾ ಹೊಡೆದು ಬಲಭಾಗ ಬಿದ್ದುಹೋಯಿತು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ. ರಾಚಕ್ಕನಿಗೆ ಬಂದ ಕಾಲ ಅತ್ತೆಯ ಹಾಸಿಗೆಯ ಪಕ್ಕದಲ್ಲೇ ಬಂತು. ಗಂಜಿ ಕುಡಿಸುವುದು, ಮಗ್ಗಲು ತಿರುಗಿಸುವುದು, ಅರಿವೆ ಬದಲಿಸುವುದು ಎಲ್ಲಾ ಅವಳೇ. ನಾನು ಮಾಡಲು ಹೋದರೆ ಸೀತವ್ವ ಬಾಯಿ ಬಿಗಿಹಿಡಿಯುತ್ತಿದ್ದಳು. ಇಡೀ ಜನ್ಮ ಯಾರನ್ನು ಕಾವಲು ಕಾದಳೋ ಅವಳ ಕೈಯ ಗಂಜಿಯೇ ಬೇಕು. ನಾನು ಮಾತ್ರ ವರ್ಷವರ್ಷ ಪಂಚಮಿಗೆ ಹೋಗಿಬರುತ್ತಿದ್ದೆ. ಈ ನಡುವೆ ಊರಿನ ಟಾಕೀಸು ಮುಚ್ಚಿ ಹತ್ತಿಯ ಗೋದಾಮಾಯಿತು.

೨೦೦೫ರಲ್ಲಿ ಮನೆಗೆ ಕಲರ್ ಟಿವಿ, ಕೇಬಲ್ ಬಂತು. ಒಂದು ಮಧ್ಯಾಹ್ನ ಅತ್ತೆ ಮಲಗಿದ್ದಳು, ಗಂಡಸರು ಅಂಗಡಿಯಲ್ಲಿದ್ದರು. ಕುರ್ಚಿಗಳೆಲ್ಲ ಖಾಲಿ. ಆದರೂ ರಾಚಕ್ಕ ಕೂತದ್ದು ಆ ಅಡಿಗೆಮನೆಯ ಹೊಸ್ತಿಲಲ್ಲೇ. ನಾನು ಚಾನಲ್ ಬದಲಿಸುತ್ತಿದ್ದೆ. ಯಾವುದೋ ಹಾಡಿನ ಮೊದಲ ಸ್ವರ ಬಂತು ಅಷ್ಟೇ, "ಇರ್ಲಿ, ಇರ್ಲಿ" ಎಂದಳು. ಹಿತ್ತಲಿನಲ್ಲಿ ಐದು ವಾರ ಕೇಳಿದ ಹಾಡು.

ನಾಯಕ ಬಂದ. ನೀಲಿ ಸ್ವೆಟರ್. ಎದೆಯ ಮೇಲೆ ಅಡ್ಡಕ್ಕೆ ಒಂದು ಬಿಳಿ ಪಟ್ಟಿ. ಮತ್ತೇನೂ ಇಲ್ಲ. ಎಡಗೈಯಲ್ಲಿ ಹೆಣೆಯಬಹುದಾದ ಸ್ವೆಟರ್.

ಹಾಡು ಮುಗಿಯಿತು. ಮಂಜಿನಲ್ಲಿ ಆ ಬೆನ್ನು ಮರೆಯಾಯಿತು. ನಾನು ಟಿವಿ ಆರಿಸಿ ಅವಳ ಮುಂದೆ ಕೂತೆ.

"ಅಕ್ಕಾ, ನಾ ಆವತ್ತ ನೋಡಿರಲಿಲ್ಲ. ಸುಳ್ಳ ಹೇಳಿದೆ."

"ಗೊತ್ತಿತ್ತು."

"ಯಾವಾಗಿಂದ?"

"ನೀ ಹೇಳಾಕ ಹತ್ತಿದಾಗನ. ನಿನ್ನ ಮದುವಿಯಾಗ ನಿಮ್ಮವ್ವ ಒಂದ ಕೌದಿ ಕೊಟ್ಟಿದ್ಲಲ್ಲ, ಅದನ್ನ ಎಷ್ಟ ಸಲ ಒಗದಿಲ್ಲ ನಾನು? ಮೂಲಿಗೆ ಬಂದಲ್ಲಿ ಒಂದ ತುಂಡ ತಲಿಕೆಳಗ. ಅದು ನಿಮ್ಮವ್ವನ ಕೈ."

"ಗೊತ್ತಿದ್ದೂ ಯಾಕ ಹೆಣದ್ರಿ? ಯಾಕ ಎಲ್ಲಾರ ಕಡೆ ಬೈಸಿಕೊಂಡ್ರಿ?"

ಅವಳು ತನ್ನ ಅಂಗೈ ನೋಡಿಕೊಂಡಳು.

"ನೀ ಹೇಳಾಕತ್ತಿದ್ದು ಪಿಕ್ಚರ್ ಅಲ್ಲ, ನಿಮ್ಮ ಮನಿ ಜೋಕಾಲಿ. ನನ್ನ ಕರಿಯಾಕ ಯಾರ ಬರ್ತಿದ್ರು ಮಧು? ಆ ಸ್ವೆಟರ್ ಹೆಣಿಯೂವಾಗ ಇಪ್ಪತ್ತ ದಿನ ನಾನೂ ತವರಮನಿಗೆ ಹೋಗಿದ್ದೆ."

ನನಗೆ ಅಳು ಬಂತು. ಅಳುತ್ತ ಕೂತಾಗಲೇ ಇನ್ನೊಂದು ಮಾತು ಹೊಳೆಯಿತು, ಅದು ಆ ಸುಳ್ಳಿಗಿಂತ ಕೆಟ್ಟದ್ದು. ಹನ್ನೆರಡು ವರ್ಷ ನನ್ನ ಅಣ್ಣ ಈ ಬಾಗಿಲಲ್ಲಿ ನಿಂತು "ಮಧೂನ್ನ ಕಳಸ್ರಿ" ಎಂದಿದ್ದಾನೆ. "ರಾಚಕ್ಕನ್ನೂ ಕಳಸ್ರಿ" ಎಂದು ಒಂದು ಮಾತು ಸೇರಿಸಲು ನಾನು ಅವನಿಗೆ ಹೇಳಿಕೊಡಬಹುದಿತ್ತು. ತವರಿನಿಂದ ಕರೆ ಬಂದರೆ ಕಳಿಸಬೇಕು, ಅಲ್ಲಿ ಏನು ನೋಡಿದರೂ ಕೇಳುವಂತಿಲ್ಲ, ಮಾವನ ಕಾಯಿದೆಯೇ ಹಾಗಿತ್ತು. ನಾವಿಬ್ಬರೂ ಕೂಡಿಯೇ ಆ ಪಿಕ್ಚರ್ ನೋಡಬಹುದಿತ್ತು. ನನಗೆ ಒಂದು ಸಲವೂ ನೆನಪಾಗಲಿಲ್ಲ.

ಆ ವರ್ಷದ ಪಂಚಮಿಗೆ ಅಣ್ಣನಿಗೆ ಮೊದಲೇ ಹೇಳಿಟ್ಟೆ. ಅವನು ಬಂದು ಅತ್ತೆಯ ಹಾಸಿಗೆಯ ಹತ್ತಿರ ನಿಂತು, "ಈ ಸಲ ಇಬ್ರನ್ನೂ ಕಳಸ್ರಿ ಅತ್ತಿ, ನಮ್ಮವ್ವ ಹೇಳಿ ಕಳಿಸ್ಯಾಳ" ಎಂದ. ರಾಚಕ್ಕ ಹಿಂದಿನ ದಿನವೇ ಚೀಲ ಕಟ್ಟಿಕೊಂಡಿದ್ದಳು. ಮಡಿಕೆಯ ಗೆರೆ ಹೋಗದ ಸೀರೆ ಉಟ್ಟಿದ್ದಳು. ಸೀತವ್ವ ಒಬ್ಬೊಬ್ಬರನ್ನೇ ನೋಡಿದಳು. ಬಾಯಿ ಸೊಟ್ಟಗಾಗಿದ್ದರೂ ಮಾತು ತಿಳಿಯುತ್ತಿತ್ತು.

"ಹೋಗ್ರಿ ಎಲ್ಲಾರೂ. ನನಗ ನೀರ ಯಾರ ಕೊಡತಾರ?"

"ನಾ ಇರತೇನ್ರಿ ಅತ್ತಿ, ಅಕ್ಕ ಹೋಗಿ ಬರಲಿ" ಎಂದೆ. ಅತ್ತೆ ನನ್ನ ಕಡೆ ನೋಡಲೂ ಇಲ್ಲ. ಬೀಳದ ಎಡಗೈ ಚಾಚಿ ರಾಚಕ್ಕನ ಸೆರಗು ಹಿಡಿದುಕೊಂಡಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅದು ಕಾವಲಿನವಳ ಹಿಡಿತವಾಗಿದ್ದರೆ ನಾನೇ ಬಿಡಿಸುತ್ತಿದ್ದೆ. ಹೆದರಿದ ಮುದುಕಿಯ ಹಿಡಿತವಾಗಿತ್ತು.

ರಾಚಕ್ಕ ಮೆಲ್ಲಗೆ ಆ ಬೆರಳು ಬಿಡಿಸಿ, ಅತ್ತೆಯ ಮುಖ ಒರೆಸಿ, ನನ್ನನ್ನು ಬಾಗಿಲಿನವರೆಗೆ ಕಳಿಸಲು ಬಂದಳು.

"ನೀ ಹೋಗಿ ಬಾ. ಬಾಗಲಾ ಯಾವ ಬಣ್ಣದ್ದು, ಜೋಕಾಲಿ ಯಾವ ತೊಲಿಗೆ ಕಟ್ಟತಾರ, ನಿಮ್ಮವ್ವ ಕೌದಿ ಹೊಲಿಯೂವಾಗ ಎಲ್ಲಿ ಕುಂದರತಾಳ, ಎಲ್ಲಾ ನೋಡಿಕೊಂಡ ಬಾ. ಈ ಸಲ ಖರೇನ ನೋಡಿ ಬಾ."

ಅಣ್ಣ ಎರಡೂ ಚೀಲ ಎತ್ತಿಕೊಂಡು ಕಟ್ಟೆ ಇಳಿದಿದ್ದ. ರಾಚಕ್ಕ ಅವನ ಕೈಯಿಂದ ತನ್ನ ಚೀಲ ಇಸಿದುಕೊಂಡು ಒಳಗೆ ಹೋದಳು.